ಓದುಗರ ಪ್ರಶ್ನೆ: ನವೆಂಬರಿನಲ್ಲೇ ತೂಗುವ ನಕ್ಷತ್ರಗಳು

ಪ್ರಶ್ನೆ: ಸಕಲ ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಇಗರ್ಜಿಯ ದಫನ ಭೂಮಿಯಲ್ಲಿ ಅಮ್ಮನ ಸಮಾಧಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಮನೆಗೆ ಮರಳುತ್ತಿದ್ದೆ. ದಾರಿಯಲ್ಲಿ ಒಂದು ದೊಡ್ಡ ಅಂಗಡಿಯ ಮುಂದೆ ಆಳೆತ್ತರದ ಸಾಂತಾಕ್ಲಾಸ್ ಗೊಂಬೆ ನಿಂತಿತ್ತು. ಸಾಲು ನಕ್ಷತ್ರಗಳು ಮಿನುಗುತ್ತಿದ್ದವು, ಒಳಗಿನಿಂದ ಕ್ಯಾರೊಲ್ ಕೇಳಿಸುತ್ತಿತ್ತು. ಕ್ರಿಸ್ಮಸ್‌ಗೆ ಇನ್ನೂ 53 ದಿನಗಳಿದ್ದವು. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಇಷ್ಟು ಮುಂಚಿತವಾಗಿ ಹಬ್ಬದ ಸಾಮಾನು ತಂದು ಸುರಿಯುವುದರಿಂದ ಹಬ್ಬದ ಸೊಗಸೇ ಕೆಟ್ಟುಹೋಗುವುದಿಲ್ಲವೇ? ಅಥವಾ ವಯಸ್ಸಾದ ನನಗೆ ಮಾತ್ರ ಹೀಗೆ ಅನಿಸುತ್ತಿದೆಯೇ?
– ಓದುಗರೊಬ್ಬರು, ಬೆಂದೂರು, ಮಂಗಳೂರು

ಉತ್ತರ: ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಸಮಾಧಿಯ ಮೇಲೆ ಹಚ್ಚಿಟ್ಟ ಬತ್ತಿ ಇನ್ನೂ ಉರಿಯುತ್ತಿರುವಾಗಲೇ ಕ್ಯಾರೊಲ್ ಕಿವಿಗೆ ಬಿದ್ದರೆ ಯಾರ ಮನಸ್ಸಾದರೂ ನೋಯುತ್ತದೆ. ಕಥೋಲಿಕ ಸಂಪ್ರದಾಯದಲ್ಲಿ ನವೆಂಬರ್ ತಿಂಗಳು ಪೂರ್ತಿ ಅಗಲಿದವರ ಸ್ಮರಣೆಗೆ ಮೀಸಲಾದುದು. ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವಾಗ ಮನೆಯ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ, ಅವರಿಗಾಗಿ ಪೂಜೆ ಒಪ್ಪಿಸುವ ತಿಂಗಳು ಅದು. ಆ ತಿಂಗಳ ಮೌನದ ಮೇಲೆ ಇನ್ನೊಂದು ಹಬ್ಬದ ಸದ್ದನ್ನು ಹೇರುವುದು, ಅಂಗಡಿಯವರಿಗೆ ಅರಿವಿಲ್ಲದೆ ನಡೆದಿದ್ದರೂ, ತಪ್ಪೆಂದೇ ನಾನು ಭಾವಿಸುತ್ತೇನೆ.

ಆದರೆ ನಿಮ್ಮ ಪ್ರಶ್ನೆಯೊಳಗೆ ಎರಡು ಸಂಗತಿಗಳು ಸೇರಿಕೊಂಡಿವೆ, ಅವನ್ನು ಬೇರ್ಪಡಿಸಿ ನೋಡಬೇಕು. ಹಬ್ಬದ ಸಾಮಾನನ್ನು ಮೊದಲೇ ತಂದಿಡುವುದು ಒಂದು. ಹಬ್ಬವನ್ನೇ ಮೊದಲು ಶುರುಮಾಡಿಬಿಡುವುದು ಇನ್ನೊಂದು. ಮೊದಲನೆಯದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ನಮ್ಮ ಮನೆಗಳಲ್ಲಿಯೂ ಕ್ರಿಸ್ಮಸ್ ಯಾವತ್ತೂ ಡಿಸೆಂಬರ್ 20ಕ್ಕೆ ಶುರುವಾದದ್ದಿಲ್ಲ. ಕೇಕಿಗೆ ಬೇಕಾದ ಒಣದ್ರಾಕ್ಷಿ, ಖರ್ಜೂರ, ಸಕ್ಕರೆಯಲ್ಲಿ ಪಾಕಗೊಂಡ ಕಿತ್ತಳೆ ಸಿಪ್ಪೆಗಳನ್ನು ರಮ್ಮಿನಲ್ಲಿ ನೆನೆಹಾಕುವ ಭರಣಿ ಎಷ್ಟೋ ಮನೆಗಳಲ್ಲಿ ಅಕ್ಟೋಬರಿನಲ್ಲೇ ಕಪಾಟು ಸೇರುತ್ತದೆ. ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳ ತಯಾರಿಯಂತೂ ಒಬ್ಬರ ಕೈಯಲ್ಲಿ ಒಂದು ದಿನಕ್ಕೆ ಮುಗಿಯುವ ಕೆಲಸವೇ ಅಲ್ಲ. ಕಿಡ್ಯೊ ಮಾಡಲು ಹಿಟ್ಟಿನ ಪುಟ್ಟ ಉಂಡೆಗಳನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಒಂದೊಂದನ್ನೇ ಸುರುಳಿ ಮಾಡಬೇಕು. ನೆವ್ರ್ಯೊಗೆ ಎಳ್ಳು ಹುರಿದು ಹೂರಣ ಕೂಡಿಸಬೇಕು. ತೆಂಗಿನ ಹಾಲಿನ ಗುಳಿಯೊ ಎಣ್ಣೆಯಲ್ಲಿ ಸಿಡಿಯದಂತೆ ಕಾಯಬೇಕು. ಕೊಲ್ಲಿ ರಾಷ್ಟ್ರಗಳಲ್ಲಿರುವ ಮಕ್ಕಳಿಗೆ ಪೊಟ್ಟಣ ಕಳುಹಿಸಬೇಕಾದ ತಾಯಂದಿರು ಡಿಸೆಂಬರಿನ ಮೊದಲ ವಾರಕ್ಕೇ ಇದೆಲ್ಲವನ್ನೂ ಮುಗಿಸಿರಬೇಕಾಗುತ್ತದೆ. ಮೈದಾ, ಏಲಕ್ಕಿ, ಗೇರುಬೀಜ, ಕೇಕಿನ ಅಚ್ಚು, ಬೆಣ್ಣೆ ಕಾಗದ, ಇವು ನವೆಂಬರಿನಲ್ಲಿ ಅಂಗಡಿಯಲ್ಲಿ ಸಿಗದಿದ್ದರೆ ಅವರು ಏನು ಮಾಡಬೇಕು?

ಉಡುಪಿಯವರಿಗೆ ಈ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಮುಂಜಾನೆ ನಡೆಯುವ ಪರ್ಯಾಯಕ್ಕೆ ಸಿದ್ಧತೆ ಆರಂಭವಾಗುವುದು ಸುಮಾರು ಒಂದು ವರ್ಷ ಮೊದಲು, ಬಾಳೆ ಮುಹೂರ್ತದಿಂದ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಒಂದು ವರ್ಷದ ಆ ಸಿದ್ಧತೆಯಿಂದ ಪರ್ಯಾಯದ ಸೊಗಸು ಕಡಿಮೆಯಾಯಿತೆಂದು ರಥಬೀದಿಯಲ್ಲಿ ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ಬಾಳೆಯ ಸಸಿ ನೆಟ್ಟ ದಿನವೇ ಯಾರೂ ಮೆರವಣಿಗೆ ಹೊರಡಿಸುವುದಿಲ್ಲ; ಸಿದ್ಧತೆಯ ಪ್ರತಿಯೊಂದು ಹೆಜ್ಜೆಗೂ ಅದರದೇ ದಿನ, ಅದರದೇ ಹೆಸರು ಇದೆ.

ಕ್ರೈಸ್ತರಿಗೂ ಅಂಥದೊಂದು ವ್ಯವಸ್ಥೆ ಇದೆ. ಕ್ರಿಸ್ಮಸ್‌ನ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಆಗಮನ ಕಾಲವು ನವೆಂಬರ್ 27ರಿಂದ ಡಿಸೆಂಬರ್ 3ರ ನಡುವೆ ಬರುವ ಭಾನುವಾರ ಆರಂಭವಾಗಿ, ವರ್ಷಕ್ಕೆ ತಕ್ಕಂತೆ 22ರಿಂದ 28 ದಿನಗಳ ಕಾಲ ನಡೆಯುತ್ತದೆ. ಆ ದಿನಗಳಲ್ಲಿ ಗುರುಗಳು ತೊಡುವ ವಸ್ತ್ರ ನೇರಳೆ ಬಣ್ಣದ್ದು. ಮೂರನೆಯ ಭಾನುವಾರ ಮಾತ್ರ, ಹಬ್ಬ ಸಮೀಪಿಸಿತೆಂಬ ಸಂತೋಷಕ್ಕೆ, ಗುಲಾಬಿ ಬಣ್ಣ ತೊಡುವ ಪದ್ಧತಿಯಿದೆ. ಬಲಿಪೀಠದ ಹೂವಿನ ಅಲಂಕಾರ ಮಿತವಾಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಡಿಸೆಂಬರ್ 8ರ ಮರಿಯಮ್ಮನವರ ಮಹೋತ್ಸವದಂಥ ದಿನಗಳನ್ನು ಬಿಟ್ಟರೆ, ಆ ಇಡೀ ಅವಧಿಯಲ್ಲಿ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ. ದೇವದೂತರು ಬೆತ್ಲೆಹೇಮಿನ ಕುರುಬರಿಗೆ ಹಾಡಿದರೆಂದು ಸುವಾರ್ತೆ ಹೇಳುವ ಆ ಸ್ತುತಿಯನ್ನು 24ರ ರಾತ್ರಿಗೆಂದು ತೆಗೆದಿರಿಸಲಾಗುತ್ತದೆ.

ನಾನು ಬೆಳೆದದ್ದು ಕಲ್ಯಾಣಪುರದ ಕಡೆಯಲ್ಲಿ. ಆ ರಾತ್ರಿ ಗುರುಗಳು ಗ್ಲೋರಿಯಾ ಎತ್ತಿಕೊಂಡ ಕ್ಷಣವೇ ಇಗರ್ಜಿಯ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತಿದ್ದವು, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಪರದೆ ಸರಿಯುತ್ತಿತ್ತು, ಚಳಿಗೆ ಶಾಲು ಹೊದ್ದು ಅಮ್ಮನ ತೋಳಿಗೆ ತಲೆಯಿಟ್ಟು ತೂಕಡಿಸುತ್ತಿದ್ದ ನಾವು ಮಕ್ಕಳು ಬೆಚ್ಚಿ ಎದ್ದು ನಿಲ್ಲುತ್ತಿದ್ದೆವು. ನಾಲ್ಕು ವಾರ ಕೇಳದೇ ಇದ್ದ ಹಾಡಾದ್ದರಿಂದ ಅದು ಹಾಗೆ ಎದೆಗೆ ತಟ್ಟುತ್ತಿತ್ತು. ಈಗ ಅದೇ ಸ್ತುತಿಯ ಸಾಲುಗಳುಳ್ಳ ಕ್ಯಾರೊಲ್‌ಗಳು ಐವತ್ತು ದಿನಗಳ ಕಾಲ ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ, ಸಾಬೂನು ಸೋಡಾಗಳ ಕಪಾಟುಗಳ ನಡುವೆ ಕೇಳುತ್ತಲೇ ಇದ್ದರೆ, 24ರ ರಾತ್ರಿಗೆ ಉಳಿಯುವುದೇನು? ಹಬ್ಬ ಕೆಡುವುದು ನಿಜವಾಗಿ ಇಲ್ಲಿ. ಗೋದಾಮಿನಲ್ಲಿ ಮಡಚಿಟ್ಟ ಕಾಗದದ ನಕ್ಷತ್ರ ಯಾವ ಹಬ್ಬವನ್ನೂ ಕೆಡಿಸಲಾರದು.

ವ್ಯಾಪಾರಕ್ಕಾಗಿ ಕಾಲವನ್ನೇ ಸರಿಸಿದ ಉದಾಹರಣೆಯೊಂದು ಇತಿಹಾಸದಲ್ಲಿದೆ. ಅಮೆರಿಕದಲ್ಲಿ ಕ್ರಿಸ್ಮಸ್ ಖರೀದಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರ ಆರಂಭವಾಗುವುದು ರೂಢಿ. 1939ರಲ್ಲಿ ಆ ಹಬ್ಬದ ದಿನವಾದ ನವೆಂಬರಿನ ಕೊನೆಯ ಗುರುವಾರ 30ನೇ ತಾರೀಖಿಗೆ ಬಂದಾಗ, ಖರೀದಿಗೆ ಉಳಿಯುವ ದಿನಗಳು ಸಾಲವೆಂಬ ವರ್ತಕರ ಒತ್ತಾಯಕ್ಕೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆ ಹಬ್ಬವನ್ನೇ ಒಂದು ವಾರ ಹಿಂದಕ್ಕೆ, 23ಕ್ಕೆ ತಂದರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಒಂದೇ ಹಬ್ಬ ಎರಡು ದಿನ ನಡೆಯಿತು. ಕೊನೆಗೆ 1941ರಲ್ಲಿ ನಾಲ್ಕನೆಯ ಗುರುವಾರವೆಂದು ಕಾನೂನು ಮಾಡಬೇಕಾಯಿತು. ಇನ್ನೊಂದು ಕಡೆ ಫಿಲಿಪೀನ್ಸ್ ದೇಶವಿದೆ. ಅಲ್ಲಿ ಸೆಪ್ಟೆಂಬರ್ ಹುಟ್ಟಿದರೆ ಸಾಕು, ಅಂಗಡಿಗಳಲ್ಲಿ ಕ್ರಿಸ್ಮಸ್ ಹಾಡು ಶುರು. ಆದರೂ ಅಲ್ಲಿಯ ಜನ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ, ಕೋಳಿ ಕೂಗುವ ಹೊತ್ತಿಗೆದ್ದು, ಕತ್ತಲಲ್ಲೇ ಪೂಜೆಗೆ ಹೋಗುತ್ತಾರೆ. ಮಾರುಕಟ್ಟೆ ಎಷ್ಟೇ ಮುಂಚೆ ಎದ್ದರೂ ಕಾಯುವ ಆ ಒಂಬತ್ತು ಮುಂಜಾವುಗಳನ್ನು ಅವರು ಬಿಟ್ಟುಕೊಟ್ಟಿಲ್ಲ. ಹಾಗಾಗಿ ಅಂಗಡಿ ಯಾವ ತಾರೀಖಿಗೆ ತೋರಣ ಕಟ್ಟಿತು ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ ಎಂದು ನಾನು ಹೇಳಲಾರೆ. ನಾವು ಆ ರಾತ್ರಿಗಾಗಿ ಏನನ್ನಾದರೂ ಉಳಿಸಿಕೊಂಡಿದ್ದೇವೆಯೇ ಎಂಬುದು ದೊಡ್ಡ ಪ್ರಶ್ನೆ.

ನೀವು ಒಂದು ಕೆಲಸ ಮಾಡಬಹುದು. ಆ ಅಂಗಡಿಗೆ ಹೋಗಿ, ವ್ಯವಸ್ಥಾಪಕರನ್ನು ಕಂಡು, ನವೆಂಬರ್ 2 ಏನು ದಿನವೆಂಬುದನ್ನು ತಿಳಿಸಿ. ಸಾಮಾನು ಇರಲಿ, ಹಾಡನ್ನು ಡಿಸೆಂಬರಿನವರೆಗೆ ನಿಲ್ಲಿಸಿ ಎಂದು ಕೇಳಿಕೊಳ್ಳಿ. ಇಗರ್ಜಿಗಳು ಇಷ್ಟೊಂದಿರುವ ಊರಿನಲ್ಲಿ ಗಿರಾಕಿಯ ಆ ಮಾತಿಗೆ ಬೆಲೆ ಇರುತ್ತದೆ.

ಪ್ರಶ್ನೆ: ಉಡುಪಿಯ ಬಸ್ ನಿಲ್ದಾಣದ ಬಳಿ ನನ್ನದೊಂದು ಸಣ್ಣ ಫ್ಯಾನ್ಸಿ ಅಂಗಡಿ ಇದೆ. ದೀಪಾವಳಿಯ ಗೂಡುದೀಪಗಳನ್ನು ಇಳಿಸಿದ ಮರುದಿನವೇ ಅದೇ ಕೊಕ್ಕೆಗಳಿಗೆ ಕ್ರಿಸ್ಮಸ್ ನಕ್ಷತ್ರ ತೂಗುಹಾಕುತ್ತೇನೆ. ಕೆಲವು ಗಿರಾಕಿಗಳು ‘ಇಷ್ಟು ಬೇಗ ಯಾಕೆ, ಹಬ್ಬದ ಗೌರವ ಹೋಯಿತು’ ಎಂದು ಆಕ್ಷೇಪಿಸುತ್ತಾರೆ. ನಾನು ತಡಮಾಡಿದರೆ ಅವರೇ ಮಾಲ್‌ನಲ್ಲೋ ಆನ್‌ಲೈನಿನಲ್ಲೋ ಕೊಂಡಿರುತ್ತಾರೆ. ನಾನು ಮಾಡುತ್ತಿರುವುದು ತಪ್ಪೇ?
– ಅಂಗಡಿ ಮಾಲೀಕರು, ಉಡುಪಿ

ಉತ್ತರ: ತಪ್ಪಲ್ಲ. ದೊಡ್ಡ ಬಂಡವಾಳದವರು ಉಳಿದ ಸರಕನ್ನು ಬರುವ ವರ್ಷಕ್ಕೆ ಎತ್ತಿಡಬಲ್ಲರು. ಸಾಲ ಮಾಡಿ ಸರಕು ತಂದ ಸಣ್ಣ ಅಂಗಡಿಗೆ ಡಿಸೆಂಬರ್ 26ರಂದು ಉಳಿದ ಪ್ರತಿಯೊಂದು ನಕ್ಷತ್ರವೂ ನಷ್ಟವೇ. ನಿಮ್ಮ ಕೊಕ್ಕೆಗಳ ಬಗೆಗೆ ಓದಿದಾಗ ನನಗೆ ಸಂತೋಷವೇ ಆಯಿತು. ತುಳುನಾಡಿನ ಗೂಡುದೀಪಕ್ಕೂ ನಕ್ಷತ್ರಕ್ಕೂ ಬಿದಿರ ಕಡ್ಡಿ, ಬಣ್ಣದ ಕಾಗದ, ನಡುವೆ ಒಂದು ದೀಪ, ಇಷ್ಟೇ ಸಾಮಗ್ರಿ. ಒಂದೇ ಕೈಗಳು ಎರಡನ್ನೂ ಕಟ್ಟುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ.

ಬೇಗ ಕೊಳ್ಳಿ ಎಂಬ ಕೂಗು ಲಾಭದ ಆಸೆಯಿಂದ ಮಾತ್ರ ಹುಟ್ಟಿದ್ದಲ್ಲ ಎಂಬುದನ್ನು ಆಕ್ಷೇಪಿಸುವವರಿಗೆ ನೀವು ತಿಳಿಸಬಹುದು. 1899ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಗ್ರಾಹಕರ ಒಕ್ಕೂಟ ಮತ್ತು ಅದನ್ನು ಮುನ್ನಡೆಸಿದ ಸಮಾಜ ಸುಧಾರಕಿ ಫ್ಲಾರೆನ್ಸ್ ಕೆಲ್ಲಿ, ಕ್ರಿಸ್ಮಸ್ ಖರೀದಿಯನ್ನು ಕೊನೆಯ ವಾರದವರೆಗೆ ಎಳೆಯದೆ ಬೇಗ ಮುಗಿಸಿರೆಂದು ಕೊಳ್ಳುವವರನ್ನು ಒತ್ತಾಯಿಸಿದ್ದರು. ಅದಕ್ಕೆ ಕಾರಣ ಮಾನವೀಯವಾದದ್ದು. ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಅಂಗಡಿಯ ಕೆಲಸದ ಹೆಣ್ಣುಮಕ್ಕಳು ಮತ್ತು ಸಾಮಾನು ತಲುಪಿಸುವ ಎಳೆಯ ಹುಡುಗರು ತಡರಾತ್ರಿಯವರೆಗೆ ದುಡಿದು ಬಸವಳಿಯುತ್ತಿದ್ದರು; ಹಬ್ಬದ ದಿನ ಅವರ ಪಾಲಿಗೆ ಉಳಿಯುತ್ತಿದ್ದುದು ದಣಿವು ಮಾತ್ರ. ಇವತ್ತಿಗೂ ಡಿಸೆಂಬರ್ 23, 24ರ ರಾತ್ರಿ ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾ ನಿಂತಿರುವ ಹುಡುಗಿಯ ಮುಖ ನೋಡಿದವರಿಗೆ ಈ ಮಾತು ಹಳತೆನಿಸದು. ಆಕೆ ಕ್ರೈಸ್ತಳಾಗಿದ್ದರೆ ಆ ರಾತ್ರಿಯ ಪೂಜೆಗೆ ಹೊತ್ತಿಗೆ ಸರಿಯಾಗಿ ತಲುಪುವಳೋ ಇಲ್ಲವೋ ಎಂಬುದನ್ನು ಹಬ್ಬದ ಗೌರವದ ಬಗೆಗೆ ಮಾತಾಡುವವರೆಲ್ಲ ಒಮ್ಮೆ ಯೋಚಿಸಬೇಕು.

ನಿಮ್ಮಲ್ಲಿ ನನ್ನ ಎರಡು ವಿನಂತಿಗಳಿವೆ. ನಕ್ಷತ್ರಗಳನ್ನು ನವೆಂಬರಿನಲ್ಲಿ ತೂಗುಹಾಕಿ, ಆದರೆ ಅವುಗಳ ದೀಪವನ್ನು ಆಗಮನ ಕಾಲದ ಮೊದಲ ಭಾನುವಾರ ಹಚ್ಚಿ. ಗಿರಾಕಿ ಕೇಳಿದಾಗ ಒಂದನ್ನು ಉರಿಸಿ ತೋರಿಸಿದರೆ ವ್ಯಾಪಾರಕ್ಕೆ ಏನೂ ಕೊರತೆಯಾಗದು. ಎರಡನೆಯದು, ಡಿಸೆಂಬರ್ 26ರ ಬೆಳಗ್ಗೆಯೇ ಎಲ್ಲವನ್ನೂ ಕಿತ್ತು ಹೊಸ ವರ್ಷದ ಸರಕು ತುಂಬಬೇಡಿ. ಬೇಗ ಬಂದದ್ದಕ್ಕೆ ಜನ ದೂರುತ್ತಾರೆ, ಬೇಗ ಹೋದದ್ದನ್ನು ಯಾರೂ ಗಮನಿಸುವುದೇ ಇಲ್ಲ. ನನ್ನ ದುಃಖ ಹೆಚ್ಚಾಗಿ ಇದರ ಬಗೆಗೆ. ಇಗರ್ಜಿಯ ಲೆಕ್ಕದಲ್ಲಿ 25ರಂದು ಹಬ್ಬ ಶುರುವಾಗುತ್ತದೆ. 26 ಸಂತ ಸ್ತೇಫನರ ದಿನ, 27 ಸಂತ ಯೊವಾನ್ನರದು, 28 ಹೆರೋದನ ಆಜ್ಞೆಗೆ ಬಲಿಯಾದ ಹಸುಳೆಗಳ ಸ್ಮರಣೆ, ಜನವರಿ 1 ದೇವಮಾತೆಯ ಮಹೋತ್ಸವ. ಮೂವರು ರಾಯರ ಹಬ್ಬ ಅದಕ್ಕೂ ಆಮೇಲೆ. ಅಂಗಡಿಯ ಕ್ಯಾಲೆಂಡರಿನಲ್ಲಿ 24ಕ್ಕೇ ಎಲ್ಲ ಮುಗಿದಿರುತ್ತದೆ. ಐವತ್ತು ದಿನ ಮುಂಚೆ ಬಂದ ನಕ್ಷತ್ರ ಹಬ್ಬ ಹುಟ್ಟಿದ ಮರುದಿನವೇ ರಟ್ಟಿನ ಪೆಟ್ಟಿಗೆ ಸೇರುವುದು ಸರಿಯಲ್ಲ.

ಪ್ರಶ್ನೆ: ನನ್ನ ಏಳು ವರ್ಷದ ಮಗ ನವೆಂಬರಿನಿಂದಲೂ ಅಂಗಡಿಗಳಲ್ಲಿ ಕೇಕು, ಸಾಂತಾ ಟೊಪ್ಪಿ, ಉಡುಗೊರೆಗಳನ್ನು ನೋಡಿ ಎಲ್ಲವನ್ನೂ ಆಗಲೇ ಬೇಕೆಂದು ಹಟ ಮಾಡುತ್ತಾನೆ. ಹೋದ ವರ್ಷ ಹಬ್ಬದ ದಿನ ಬಂದಾಗ ಅವನಿಗೆ ಉತ್ಸಾಹವೇ ಇರಲಿಲ್ಲ. ಏನು ಮಾಡಲಿ?
– ತಾಯಿಯೊಬ್ಬರು, ಸುರತ್ಕಲ್

ಉತ್ತರ: ಕಾಯಬೇಕೆಂದು ಬರಿದೆ ಹೇಳಿದರೆ ಏಳು ವರ್ಷದ ಮಗು ಕಾಯುವುದಿಲ್ಲ. ಕಾಯುವಾಗ ಮಾಡಲು ಅದಕ್ಕೊಂದು ಕೆಲಸ ಬೇಕು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಪಾದ್ರಿ ಯೋಹಾನ್ ಹಿನ್ರಿಚ್ ವಿಚರ್ನ್ ಇದನ್ನು ಚೆನ್ನಾಗಿ ತಿಳಿದಿದ್ದರು. 1839ರಲ್ಲಿ ಅವರು ಒಂದು ಗಾಡಿಯ ಚಕ್ರದ ಮೇಲೆ ವಾರದ ದಿನಗಳಿಗೆಂದು 20 ಸಣ್ಣ ಕೆಂಪು ಬತ್ತಿಗಳನ್ನು, ಭಾನುವಾರಗಳಿಗೆಂದು ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನು ನಿಲ್ಲಿಸಿ, ದಿನಕ್ಕೊಂದರಂತೆ ಹಚ್ಚಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಮಕ್ಕಳು ಕಣ್ಣಿನಿಂದಲೇ ಎಣಿಸಬಹುದಿತ್ತು. ನಮ್ಮ ಇಗರ್ಜಿಗಳಲ್ಲಿ ಈಗ ಕಾಣುವ ನಾಲ್ಕು ಬತ್ತಿಗಳ ಹಸಿರು ಮಾಲೆಯ ಮೂಲ ಅದೇ. ಮನೆಯಲ್ಲಿ ಒಂದು ತಟ್ಟೆ, ತೋಟದ ಸ್ವಲ್ಪ ಸೊಪ್ಪು, ನಾಲ್ಕು ಬತ್ತಿ ಇದ್ದರೆ ಸಾಕು. ಭಾನುವಾರ ಸಂಜೆ ತೇರ್ಸಿಗೆ ಮೊದಲು ನೀವು ಜೊತೆಗಿದ್ದು ಮಗನ ಕೈಯಿಂದಲೇ ಹಚ್ಚಿಸಿ.

ಇದಕ್ಕಿಂತಲೂ ನನಗೆ ಪ್ರಿಯವಾದದ್ದು ನಮ್ಮದೇ ಊರಿನದು. ಗೋದಲಿಯ ಸುತ್ತಲಿನ ಹಸಿರು ಗದ್ದೆಗಾಗಿ ನಮ್ಮಮ್ಮ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ತೆಂಗಿನ ಗೆರಟೆಗಳಲ್ಲಿ ಮಣ್ಣು ತುಂಬಿ, ನೆನೆಸಿದ ಭತ್ತ ಬಿತ್ತುತ್ತಿದ್ದರು. ನೀರು ಚಿಮುಕಿಸುವ ಕೆಲಸ ನನ್ನದು. ಒಂದು ವರ್ಷ ಆತುರಪಟ್ಟು, ಅವರಿಗೆ ತಿಳಿಸದೆ, ಡಿಸೆಂಬರಿನ ಮೊದಲ ದಿನವೇ ಎರಡು ಗೆರಟೆಗಳಲ್ಲಿ ಬಿತ್ತಿಬಿಟ್ಟೆ. ಹಬ್ಬದ ಹೊತ್ತಿಗೆ ನನ್ನ ಸಸಿಗಳು ಉದ್ದವಾಗಿ ಬೆಳೆದು, ಹಳದಿಯಾಗಿ ಒಂದರ ಮೇಲೊಂದು ಒರಗಿದ್ದವು. ಅಮ್ಮನವು ಗಿಣಿ ಹಸಿರಾಗಿ ನೆಟ್ಟಗೆ ನಿಂತಿದ್ದವು. ಅಮ್ಮ ಬೈಯಲಿಲ್ಲ. ನನ್ನ ಗೆರಟೆಗಳನ್ನೂ ಗೋದಲಿಯ ಹಿಂಬದಿಯಲ್ಲಿ, ಒಂಟೆಗಳ ಹತ್ತಿರ, ಜಾಗ ಮಾಡಿ ಇಟ್ಟರು.

ನಿಮ್ಮ ಮಗನ ಕೈಯಿಂದಲೂ ಭತ್ತವನ್ನೋ ರಾಗಿಯನ್ನೋ ಬಿತ್ತಿಸಿ. ಗೋದಲಿಯ ಪ್ರತಿಮೆಗಳನ್ನು ಅಂಗಡಿಯಿಂದ ಒಂದೇ ದಿನ ಪೂರ್ತಿ ತಂದರೂ ಒಂದೇ ದಿನ ಇಡಬೇಡಿ. ಮೊದಲ ವಾರ ಗುಡಿಸಲು ಮತ್ತು ದನ, ಆಮೇಲೆ ಕುರುಬರು, ಕೊನೆಯಲ್ಲಿ ಮರಿಯಮ್ಮ ಮತ್ತು ಜೋಸೆಫರು. ಹುಲ್ಲಿನ ತೊಟ್ಟಿಲು ಖಾಲಿಯಾಗಿಯೇ ಇರಲಿ. ಇಗರ್ಜಿಯಿಂದ ಬಂದ ಮೇಲೆ, ಎಷ್ಟು ಹೊತ್ತಾಗಿದ್ದರೂ, ಬಾಲಯೇಸುವನ್ನು ಅವನೇ ಇಡಲಿ. ಅಂಗಡಿಯಲ್ಲಿ ಅವನು ಕೇಳಿದ್ದರಲ್ಲಿ ಒಂದನ್ನು ಕೊಡಿಸಿ ಕಪಾಟಿನಲ್ಲಿಟ್ಟು, ಯಾವತ್ತು ತೆರೆಯುವುದೆಂಬುದನ್ನು ಮೊದಲೇ ಹೇಳಿ, ಆ ಮಾತನ್ನು ನೀವೂ ಮುರಿಯಬೇಡಿ. ಕುಸ್ವಾರಿನ ರುಚಿ ನೋಡಲು ಮಾತ್ರ ಅಡ್ಡಿ ಮಾಡಬೇಡಿ. ಸುರುಳಿ ಸುತ್ತಿದ ಮಗುವಿಗೆ ಬಾಣಲೆಯಿಂದ ಇಳಿದ ಮೊದಲ ಕಿಡ್ಯೊ ಸಿಗಬೇಕು.

ಪ್ರಶ್ನೆ: ಹಾಗಾದರೆ ಮನೆಯ ನಕ್ಷತ್ರವನ್ನು ಎಂದು ಏರಿಸಿ ಎಂದು ಇಳಿಸಬೇಕು?
– ಓದುಗರೊಬ್ಬರು, ಕಾರ್ಕಳ

ಉತ್ತರ: ಏರಿಸುವುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. ಆಗಮನ ಕಾಲದ ಮೊದಲ ಭಾನುವಾರದ ನಂತರ ಯಾವ ದಿನವಾದರೂ ಆಗಬಹುದು. ನಮ್ಮ ಮನೆಯಲ್ಲಿ ಡಿಸೆಂಬರ್ 16ರ ಸಂಜೆ ಏರಿಸುತ್ತೇವೆ, ಏಕೆಂದರೆ ಮರುದಿನದಿಂದ ಇಗರ್ಜಿಯ ಪ್ರಾರ್ಥನೆಗಳು ನೇರವಾಗಿ ಕ್ರಿಸ್ತಜನನದ ಕಡೆಗೆ ತಿರುಗುತ್ತವೆ. ಇಳಿಸುವುದನ್ನು ಜನವರಿ 6ಕ್ಕಿಂತ ಮೊದಲು ಮಾಡಬೇಡಿ. ಪೂರ್ವದೇಶದ ಜ್ಞಾನಿಗಳು ದಾರಿ ಹುಡುಕಿ ಬಂದದ್ದು ನಕ್ಷತ್ರದ ಬೆಳಕಿನಲ್ಲಿ ಎಂದು ಸುವಾರ್ತೆ ಹೇಳುತ್ತದೆ, ಮತ್ತು ಅವರು ಬಂದು ಮುಟ್ಟುವ ದಿನ ಅದು. ಕಥೋಲಿಕ ಪಂಚಾಂಗದಂತೆ ಕ್ರಿಸ್ಮಸ್ ಕಾಲ ಮುಗಿಯುವುದು ಅದರ ನಂತರ ಬರುವ ಪ್ರಭುವಿನ ಜ್ಞಾನಸ್ನಾನದ ಹಬ್ಬಕ್ಕೆ, ಆದ್ದರಿಂದ ಅಲ್ಲಿಯವರೆಗೆ ಉರಿಸಿದರೂ ಸರಿಯೇ.